ಮುಂದಿನ ಕಂತು ಯಾವಾಗ?

ಕಾದಂಬರಿಕಾರರ ಛಲದ ಬಗ್ಗೆ ಯಾರೇ ಭಾಷಣ ಮಾಡಲಿ, ಅದರಲ್ಲಿ ಒಂದು ಲೆಕ್ಕ ಬಂದೇ ಬರುತ್ತೆ. ಇಷ್ಟು ಪ್ರಕಾಶಕರು ಬೇಡ ಅಂದ್ರು, ಅಷ್ಟು ಸಲ ಹಸ್ತಪ್ರತಿ ವಾಪಸ್ ಬಂತು, ಆದ್ರೂ ಬಿಡಲಿಲ್ಲ, ಕೊನೆಗೆ ಗೆದ್ದರು. ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಈ ಕಥೆಗಳ ಮೇಲೆ ನನ್ನದೊಂದು ತಕರಾರಿದೆ. ಬೇಡ ಅನ್ನಿಸಿಕೊಂಡ ಆ ವರ್ಷಗಳಲ್ಲಿ ಆ ಮನುಷ್ಯ ದಿನಾ ಏನು ಮಾಡ್ತಿದ್ದ ಅನ್ನೋದನ್ನ ಇವು ಹೇಳೋದೇ ಇಲ್ಲ. ಅದೇ ಬಾಗಿಲನ್ನ ಮತ್ತೆ ಮತ್ತೆ ತಟ್ಟೋದೇ ಛಲ ಅನ್ನೋ ಹಾಗೆ ಕಾಣುತ್ತೆ. ತಟ್ಟಿ ತಟ್ಟಿ ಸುಸ್ತಾಗಿ ಮನೆಗೆ ಹೋದವರ ಬಗ್ಗೆ ಯಾರೂ ಭಾಷಣ ಮಾಡಲ್ಲ.

ಅದಕ್ಕೇ ನನಗೆ ಆಂಡಿ ವಿಯರ್ ಅವರ ಕಥೆ ಬೇರೆ ಥರ ಕಾಣುತ್ತೆ. 'ದಿ ಮಾರ್ಷಿಯನ್' ಸಿನಿಮಾ ನಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಹೋದವನು ಆಲೂಗಡ್ಡೆ ಬೆಳೆದು ಬದುಕೋ ಕಥೆ. ಅದರ ಮೂಲ ಕಾದಂಬರಿ ಬರೆದವರು ಇವರು. ಕ್ಯಾಲಿಫೋರ್ನಿಯಾದವರು, ವೃತ್ತಿಯಲ್ಲಿ ಪ್ರೋಗ್ರಾಮರ್. ಕಂಪ್ಯೂಟರ್ ಸೈನ್ಸ್ ಓದೋಕೆ ಸೇರಿದರು, ಡಿಗ್ರಿ ಮುಗಿಸಲಿಲ್ಲ. ನೀವು ಗೇಮ್ ಆಡೋರಾದ್ರೆ 'ವಾರ್‌ಕ್ರಾಫ್ಟ್ 2' ಹೆಸರು ಗೊತ್ತಿರುತ್ತೆ, ಅದಕ್ಕೂ ಕೋಡ್ ಬರೆದಿದ್ದಾರೆ.

1999ರಲ್ಲಿ ಎಒಎಲ್ ಕಂಪನಿಯ ಕೆಲಸ ಹೋಯ್ತು. ಕೈಯಲ್ಲಿದ್ದ ಷೇರು ಮಾರಿದಾಗ ಬಂದ ದುಡ್ಡು ಕೆಲವು ವರ್ಷ ಜೀವನಕ್ಕೆ ಸಾಕಾಗುವಷ್ಟಿತ್ತು. ಸರಿ, ಮೂರು ವರ್ಷ ಮನೇಲಿ ಕೂತು ಬರೆದರು. ನಮ್ಮಲ್ಲಿ ಬರೆಯೋ ಹುಚ್ಚಿರೋ ಎಲ್ರೂ ಕಾಣೋ ಕನಸು ಇದೇ ಅಲ್ವಾ? ಲ್ಯಾಬ್ ರೆಕಾರ್ಡ್ ಇಲ್ಲ, ಇಂಟರ್ನಲ್ಸ್ ಇಲ್ಲ, ಬರೀ ಬರವಣಿಗೆ. ಕಾದಂಬರಿ ಮುಗೀತು. ಆದ್ರೆ ಏಜೆಂಟರಾಗಲಿ ಪ್ರಕಾಶಕರಾಗಲಿ ಯಾರೂ ತಗೊಳ್ಳಲಿಲ್ಲ. ಅವರು ಮತ್ತೆ ಪ್ರೋಗ್ರಾಮಿಂಗ್ ಕೆಲಸಕ್ಕೆ ವಾಪಸ್ ಹೋದರು.

ಭಾಷಣದ ಲೆಕ್ಕದಲ್ಲಿ ಇದು ಸೋಲು. ಪುಸ್ತಕ ಪ್ರಕಟಿಸೋ ಆಸೆಯನ್ನ ಅವರು ನಿಜವಾಗ್ಲೂ ಕೈಬಿಟ್ಟಿದ್ದರು. ಬರೆಯೋದನ್ನ ಮಾತ್ರ ಬಿಡಲಿಲ್ಲ. ಸಂಜೆ, ವಾರದ ಕೊನೆ, ಸಿಕ್ಕ ಸಮಯದಲ್ಲಿ ಬರೆದು ತಮ್ಮದೇ ವೆಬ್‌ಸೈಟಿನಲ್ಲಿ ಹಾಕ್ತಾ ಹೋದರು. ಮೊದಲು ಕಾಮಿಕ್ಸ್, ಆಮೇಲೆ ಸಣ್ಣಕಥೆಗಳು. 2009ರಲ್ಲಿ ಬರೆದ 'ದಿ ಎಗ್' ಅನ್ನೋ ಪುಟ್ಟ ಕಥೆ ಲೋಕವೆಲ್ಲ ಸುತ್ತಾಡಿತು. ಮಂಗಳದ ಕಥೆ ಶುರುವಾಗಿದ್ದೂ ಅದೇ ವರ್ಷ. ಒಂದೊಂದೇ ಅಧ್ಯಾಯ, ಪುಕ್ಕಟೆ.

ನನಗೆ ತುಂಬಾ ಇಷ್ಟ ಆಗೋದು ಮುಂದಿನ ಭಾಗ. ಓದುಗರು ಸುಮ್ಮನೆ 'ಸೂಪರ್' ಅಂತ ಹೇಳಿ ಹೋಗಲಿಲ್ಲ. ಅವರಲ್ಲಿ ಕೆಮಿಸ್ಟ್ರಿ, ಫಿಸಿಕ್ಸ್ ಚೆನ್ನಾಗಿ ಗೊತ್ತಿದ್ದವರೂ ಇದ್ದರು. ಇಲ್ಲಿ ಲೆಕ್ಕ ತಪ್ಪಿದೆ, ಈ ರಿಯಾಕ್ಷನ್ ಹೀಗೆ ಆಗಲ್ಲ ಅಂತ ಮೇಲ್ ಮಾಡ್ತಿದ್ದರು. ವಿಯರ್ ತಿದ್ದುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾದಂಬರಿಗೆ ಬಗ್ ರಿಪೋರ್ಟ್ ಬರ್ತಿತ್ತು, ಅವರು ಸರಿಮಾಡಿ ಮುಂದಿನ ಕಂತು ಬಿಡ್ತಿದ್ದರು. ಗಗನನೌಕೆಯ ದಾರಿ ಲೆಕ್ಕ ಹಾಕೋಕೆ ತಾವೇ ಒಂದು ಪ್ರೋಗ್ರಾಂ ಬರೆದುಕೊಂಡರು.

ಕಥೆ ಮುಗಿದ ಮೇಲೆ ಓದುಗರೇ ಇ-ಪುಸ್ತಕ ಮಾಡಿಕೊಡಿ ಅಂದ್ರು, ಆಮೇಲೆ ಕಿಂಡಲ್‌ಗೆ ಹಾಕಿ ಅಂದ್ರು. ಅಲ್ಲಿ ಪುಕ್ಕಟೆ ಇಡೋಕೆ ಆಗದೆ ಕನಿಷ್ಠ ಬೆಲೆ 99 ಸೆಂಟ್ ಇಟ್ಟರು. ಮೂರು ತಿಂಗಳಲ್ಲಿ 35,000 ಪ್ರತಿ ಹೋಯ್ತು. ಆಗ ಪ್ರಕಾಶಕರೇ ಹುಡುಕಿಕೊಂಡು ಬಂದರು. ಪುಸ್ತಕದ ಒಪ್ಪಂದ, ಸಿನಿಮಾದ ಒಪ್ಪಂದ ಎರಡೂ ಒಂದೇ ವಾರದಲ್ಲಿ ಆದವು. ಅಚ್ಚಾದ ಪುಸ್ತಕ ಅಂಗಡಿಗೆ ಬಂದಿದ್ದು 2014ರಲ್ಲಿ, ಸಿನಿಮಾ 2015ರಲ್ಲಿ. ಕೆಲಸ ಕಳಕೊಂಡು ಬರೆಯೋಕೆ ಕೂತಿದ್ದು 1999ರಲ್ಲಿ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಹದಿನೈದು ವರ್ಷ.

ಇದರಿಂದ ನನಗೆ ಹೊಳೆದಿದ್ದು ಎರಡು ವಿಷಯ. ಒಂದು, ಬರೆಯೋಕೆ ಎಲ್ಲ ಬಿಟ್ಟು ಕೂರಬೇಕು ಅನ್ನೋದು ನಿಜ ಅಲ್ಲ. ಪೂರ್ತಿ ಸಮಯ ಇದ್ದಾಗ ಬರೆದ ಪುಸ್ತಕ ಯಾರಿಗೂ ಬೇಡವಾಯ್ತು. ಆಫೀಸಿನ ಜೊತೆಗೆ ಬರೆದ ಪುಸ್ತಕವನ್ನ ಲೋಕ ಓದಿತು. ಕನ್ನಡದಲ್ಲೂ ಹೀಗೆ ಬರೆದವರಿದ್ದಾರೆ. 'ಘಾಚರ್ ಘೋಚರ್' ಬರೆದ ವಿವೇಕ ಶಾನಭಾಗರು ಓದಿದ್ದು ಎಂಜಿನಿಯರಿಂಗು, ಬಹಳ ವರ್ಷ ಕಂಪನಿ ಕೆಲಸದಲ್ಲಿದ್ದುಕೊಂಡೇ ಬರೆದವರು. 'ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ಬರೀತೀನಿ' ಅನ್ನೋ ಮಾತು, 'ಎಂಜಿನಿಯರಿಂಗ್ ಬಿಟ್ಟರೆ ಮಾತ್ರ ಬರೆಯಬಹುದು' ಅನ್ನೋ ಮಾತು, ಎರಡೂ ಒಂದೇ ನೆಪದ ಎರಡು ಮುಖ ಅಂತ ನನ್ನ ಅಭಿಪ್ರಾಯ.

ಎರಡನೇದು, ಬರೆಯೋನಿಗೆ ಮೊದಲು ಬೇಕಾಗಿರೋದು 'ಮುಂದಿನ ಕಂತು ಯಾವಾಗ?' ಅಂತ ಕೇಳೋ ನಾಲ್ಕು ಜನ. ಪ್ರಕಾಶಕರು ಆಮೇಲೆ. ಇದು ಅಮೆರಿಕದಿಂದ ಬಂದ ಹೊಸ ವಿದ್ಯೆ ಏನಲ್ಲ. ನಮ್ಮ 'ಸುಧಾ', 'ತರಂಗ'ದಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರ್ತಿದ್ದವು. ವಾರಪತ್ರಿಕೆ ಬಂದ ದಿನ ಮನೇಲಿ ಯಾರು ಮೊದಲು ಓದೋದು ಅಂತ ಜಗಳ ಆಗ್ತಿತ್ತಂತೆ. ಅಜ್ಜಿ ಈಗಲೂ ಹೇಳ್ತಾರೆ.

ಇದಕ್ಕೆ ಎದುರು ವಾದವೂ ಇದೆ. ಯಾರು ಬೇಕಾದ್ರೂ ಏನು ಬೇಕಾದ್ರೂ ನೆಟ್‌ನಲ್ಲಿ ಹಾಕಿದ್ರೆ ಕಸವೇ ಜಾಸ್ತಿ ಆಗಲ್ವಾ ಅಂತ. ಆಗುತ್ತೆ. ಬೇಡ ಅಂದ ಪ್ರಕಾಶಕರೆಲ್ಲ ದಡ್ಡರೇ ಆಗಿರಬೇಕಿಲ್ಲ, ಕೆಲವು ಸಲ ಪುಸ್ತಕವೇ ಇನ್ನೂ ಹಣ್ಣಾಗಿರಲ್ಲ. ಅದೃಷ್ಟದ ಪಾಲೂ ಇದೆ. ಕಿಂಡಲ್‌ನಲ್ಲಿ ಯಾರೂ ತೆರೆದೂ ನೋಡದ ಪುಸ್ತಕಗಳಿಗೆ ಲೆಕ್ಕವಿಲ್ಲ. ವಿಯರ್‌ಗೆ ಷೇರಿನ ದುಡ್ಡಿತ್ತು, ನಮ್ಮಲ್ಲಿ ಬಹಳ ಜನರಿಗೆ ಎಜುಕೇಶನ್ ಲೋನ್ ಇದೆ. ಇದೆಲ್ಲ ಒಪ್ಪುತ್ತೇನೆ. ಆದ್ರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಪುಸ್ತಕ ಕೊನೆಗೂ ಅಚ್ಚಾಗಲೇ ಇಲ್ಲ ಅಂತಿಟ್ಟುಕೊಳ್ಳಿ. ಬಾಗಿಲು ತಟ್ಟಿದ್ದನ್ನಷ್ಟೇ ಎಣಿಸಿದವನ ಕೈಯಲ್ಲಿ ಆಗ ಏನೂ ಉಳಿಯಲ್ಲ. ಅಧ್ಯಾಯ ಬರೆದು ಓದಿಸಿದವನಿಗೆ ಆ ಅಧ್ಯಾಯಗಳು ಉಳಿಯುತ್ತವೆ, ಓದಿದವರು ಉಳೀತಾರೆ, ತಿದ್ದಿ ತಿದ್ದಿ ಪಳಗಿದ ಕೈ ಉಳಿಯುತ್ತೆ. 2014ರ ಪುಸ್ತಕ ಬರದೇ ಹೋಗಿದ್ದರೂ 'ದಿ ಎಗ್' ಓದಿದವರು ಓದಿಯೇ ಇರ್ತಿದ್ದರು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಸಂಘದ ಈ ಪತ್ರಿಕೆಯ ಹಳೇ ಸಂಚಿಕೆಗಳನ್ನ ತೆಗೆದು ನೋಡಿ. 'ಮುಂದುವರಿಯುವುದು' ಅಂತ ಕೊನೆಯಾದ ಕಥೆಗಳು ಬೇಕಾದಷ್ಟಿವೆ, ಮುಂದುವರಿದವು ಇಲ್ಲವೇ ಇಲ್ಲ ಅನ್ನಬಹುದು. ಬರೆದವರದ್ದು ಮಾತ್ರ ಸೋಮಾರಿತನ ಅಂತ ನಾನು ಹೇಳಲ್ಲ. 'ಎರಡನೇ ಭಾಗ ಎಲ್ಲಿ?' ಅಂತ ಓದಿದ ನಾವು ಯಾರೂ ಕೇಳಲಿಲ್ಲ. ಕೇಳಿದ್ದಿದ್ದರೆ ಅವರಲ್ಲಿ ಒಬ್ಬರಾದ್ರೂ ಬರೀತಿದ್ದರೇನೋ.

ಅದಕ್ಕೆ ನನ್ನ ಸಲಹೆ ಇಷ್ಟು. ಪ್ರತಿ ಸಂಚಿಕೆಯಲ್ಲೂ ಒಂದು ಧಾರಾವಾಹಿಗೆ ಜಾಗ ಇಡೋಣ. ಬರೆಯೋರು ಸೆಮ್ ಪೂರ್ತಿ ಕಂತು ತಪ್ಪಿಸಬಾರದು. ಓದುವವರು 'ಸೂಪರ್ ಮಗಾ' ಅಂತ ಬರೆದು ಕೈತೊಳೆದುಕೊಳ್ಳದೆ, ಎಲ್ಲಿ ಬೋರಾಯ್ತು, ಯಾವ ಪಾತ್ರ ನಂಬೋಕಾಗಲಿಲ್ಲ ಅಂತ ಎರಡು ಸಾಲು ಬರೀಬೇಕು. ಸಂಪಾದಕರು ಒಪ್ಪಿದರೆ ಮೊದಲ ಸರದಿಗೆ ನಾನೇ ತಯಾರು. ನನ್ನ ಫೋನಿನಲ್ಲಿ ಒಂದು ಕಾದಂಬರಿಯ ಏಳು ಅಧ್ಯಾಯ ಕೂತಿದೆ. ಹತ್ತನೇ ಕ್ಲಾಸಿನವರೆಗೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನ ಕನ್ನಡ, ಲಕಾರ ಳಕಾರ ಅಲ್ಲಲ್ಲಿ ಅದಲುಬದಲಾಗಿರಬಹುದು. ಅದನ್ನೂ ಬಗ್ ರಿಪೋರ್ಟ್ ಅಂತಲೇ ಕಳಿಸಿ, ತಿದ್ದಿಕೊಂಡು ಎಂಟನೇ ಅಧ್ಯಾಯ ಬರೀತೀನಿ.