ರಿಪೋರ್ಟು ನಾರ್ಮಲ್... ಮನುಷ್ಯ?

ಮೊದಲೆಲ್ಲ ಊರಿಗೆ ಫೋನು ಮಾಡಿದರೆ ‘ಮಳೆ ಆಯ್ತಾ?’ ಅಂತ ನಾವು ಕೇಳುತ್ತಿದ್ದೆವು, ‘ಊಟ ಆಯ್ತಾ?’ ಅಂತ ಅವರು ಕೇಳುತ್ತಿದ್ದರು. ಈಗ ಎರಡೂ ಕಡೆಯಿಂದ ಒಂದೇ ಕುಶಲಪ್ರಶ್ನೆ: ‘ಶುಗರ್ ಎಷ್ಟಿದೆ?’ ನೂರಾ ಇಪ್ಪತ್ತು ಅಂದರೆ ಶಹಬ್ಬಾಸ್, ಇನ್ನೂರು ಅಂದರೆ ಬೈಗುಳ. ಆ ಕಡೆ ಫೋನು ಹಿಡಿದಿರುವ ಅಪ್ಪನೋ ಅಮ್ಮನೋ ನಿನ್ನೆ ರಾತ್ರಿ ನಿದ್ದೆ ಮಾಡಿದರೇ, ಬೆಳಿಗ್ಗೆ ಗುಡಿಯ ತನಕ ನಡೆದು ಹೋದರೇ, ಉಂಡಿದ್ದು ಹೊಟ್ಟೆಯಲ್ಲಿ ನಿಂತಿತೇ... ಊಹೂಂ, ಅದನ್ನು ಯಾರೂ ಕೇಳುವುದಿಲ್ಲ.

ನನ್ನ ಜಗಳ ಇದರ ಮೇಲೆಯೇ. ಗುಳಿಗೆಯ ಮೇಲಲ್ಲ. ಗುಳಿಗೆ ಬರೆಯುವವರೂ, ಅದನ್ನು ನುಂಗಿಸುವ ಮಕ್ಕಳೂ ಸೇರಿಕೊಂಡು ಒಂದು ಅಂಕಿಯನ್ನೇ ಆರೋಗ್ಯ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರಲ್ಲ, ಅದರ ಮೇಲೆ. ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ ಹೇಳಿತು. ಅಂದರೆ ಇದು ನಮ್ಮ ನಿಮ್ಮ ಎಲ್ಲರ ಮನೆಯ ಮಾತು.

ತಕ್ಷಣ ಹಾಗಲಕಾಯಿ ರಸದವರು ಎದ್ದು ಕುಣಿಯುವುದು ಬೇಡ! ಇಲ್ಲಿ ಅಹಮದಾಬಾದಿನ ಯಾವ ಪಾರ್ಕಿನ ಬಾಗಿಲಿಗೆ ಹೋದರೂ ಬೆಳಗಿನ ಆರಕ್ಕೇ ಕರೇಲಾ ಜ್ಯೂಸ್ ಮಾರುವವನೊಬ್ಬ, ‘ಗುಳಿಗೆ ಎಲ್ಲಾ ವಿಷ, ಬಿಟ್ಟುಬಿಡಿ’ ಅನ್ನುವವನೊಬ್ಬ ಇದ್ದೇ ಇರುತ್ತಾರೆ. ಅವರ ಮಾತು ಕೇಳಿ ಕಣ್ಣು, ಕಿಡ್ನಿ, ಕಾಲ್ಬೆರಳು ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಕಿಡ್ನಿಗೆ ಆಗುವ ಹಾನಿ ಕಡಿಮೆಯಾಗುತ್ತದೆ ಎಂದು ಇಂಗ್ಲೆಂಡಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲೇ ತೋರಿಸಿದೆ. ಗುಳಿಗೆ ಬೇಕು. ಯಾವ ಗುಳಿಗೆ, ಯಾರಿಗೆ, ಎಷ್ಟು, ಏನನ್ನು ಕಳೆದುಕೊಂಡು? ಪ್ರಶ್ನೆ ಅದು.

ನಮ್ಮ ಚಾಂದ್‌ಖೇಡಾದ ಸೊಸೈಟಿಯಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಎಪ್ಪತ್ತೈದು ದಾಟಿದೆ. ಮಗ ಇಲ್ಲಿ ಕೆಲಸದಲ್ಲಿರುವುದರಿಂದ ಊರ ಮನೆಗೆ ಬೀಗ ಹಾಕಿ ಬಂದವರು. ಕೆಲವು ತಿಂಗಳು ರಾತ್ರಿ ಮೂರಕ್ಕೆ ಎದ್ದು ಕೂರುತ್ತಿದ್ದರು. ಮೈಯೆಲ್ಲ ಬೆವರು, ಎದೆ ಡವಡವ, ಕೈ ನಡುಕ. ‘ಜೀವ ಝಲ್ ಅಂತದ, ಏನರ ತಿನಬೇಕು ಅನಸ್ತದ’ ಅಂತ ಅವರು ಕನ್ನಡದಲ್ಲಿ ಹೇಳುತ್ತಿದ್ದರು. ಡಾಕ್ಟರ ಕೋಣೆಯಲ್ಲಿ ಅದು ಮಗನ ಬಾಯಿಂದ ಗುಜರಾತಿಯಾಗಿ ಹೊರಬರುವಾಗ ಮೂರೇ ಪದ: ‘ಚಕ್ಕರ್ ಆವೇ ಛೇ.’ ಬೆವರೂ ಇಲ್ಲ, ನಡುಕವೂ ಇಲ್ಲ, ಹಸಿವೂ ಇಲ್ಲ. ಡಾಕ್ಟರು ತಲೆಸುತ್ತಿಗೆ ಇನ್ನೊಂದು ಗುಳಿಗೆ ಬರೆದು, ಎಚ್‌ಬಿಎ1ಸಿ ಆರೂ ಕಾಲು ನೋಡಿ ‘ಬಹು ಸರಸ್!’ ಅಂದರಂತೆ. ಅಜ್ಜಿ ಇಲ್ಲಿ ವಿರಸದಲ್ಲಿ, ರಿಪೋರ್ಟು ಅಲ್ಲಿ ಸರಸದಲ್ಲಿ!

ಅಜ್ಜಿಗೆ ಆಗುತ್ತಿದ್ದದ್ದು ಸಕ್ಕರೆ ತೀರಾ ಇಳಿಯುವ ತೊಂದರೆ, ಲೋ ಶುಗರ್. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆಗಳು ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಉಪವಾಸವೋ, ಅದಕ್ಕೆ ಸಂಬಂಧವಿಲ್ಲ. ಕಿಡ್ನಿ ಸೊರಗಿದ ಮುದುಕರಲ್ಲಿ ಈ ತಿವಿತ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಕೊನೆಗೆ ಬೇರೊಬ್ಬ ಡಾಕ್ಟರು ರಾತ್ರಿ ಮೂರಕ್ಕೇ ಬೆರಳು ಚುಚ್ಚಿ ನೋಡಲು ಹೇಳಿದರು. ಐವತ್ತೆಂಟು! ಗುಳಿಗೆ ಅರ್ಧಕ್ಕಿಳಿಯಿತು. ಈಗ ಅವರ ಎಚ್‌ಬಿಎ1ಸಿ ಏಳೂವರೆ. ಅಂಕಿ ‘ಕೆಟ್ಟಿದೆ’, ಅಜ್ಜಿ ನಿದ್ದೆ ಮಾಡುತ್ತಿದ್ದಾರೆ. ಯಾವುದು ಆರೋಗ್ಯ, ನೀವೇ ಹೇಳಿ.

ಇನ್ನು ನಮ್ಮ ಉಪವಾಸಗಳು. ನಮ್ಮವರಿಗೆ ಏಕಾದಶಿ, ಸೋಮವಾರ, ಇಲ್ಲಿನವರಿಗೆ ನವರಾತ್ರಿ, ಶ್ರಾವಣ, ಜೈನರಿಗೆ ಪರ್ಯುಷಣ. ಊಟ ಬಿಟ್ಟರೂ ಗುಳಿಗೆ ಬಿಡದಷ್ಟು ಶಿಸ್ತು ನಮ್ಮ ಹಿರಿಯರದು. ಏಕಾದಶಿಯ ದಿನ ಖಾಲಿ ಹೊಟ್ಟೆಗೆ ಆ ತಿವಿಯುವ ಗುಳಿಗೆ ಬಿದ್ದರೆ ಏನಾಗುತ್ತದೆ, ಯೋಚಿಸಿ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದರೆ ಅದನ್ನು ‘ವಯಸ್ಸಾಯ್ತು’ ಅನ್ನುವ ಖಾತೆಗೆ ಬರೆಯುತ್ತೇವೆ, ಗುಳಿಗೆಯ ಖಾತೆಗಲ್ಲ. ‘ನೀವು ಉಪವಾಸ ಮಾಡುತ್ತೀರಾ?’ ಅನ್ನುವ ಪ್ರಶ್ನೆ ಕೇಳಲು ಐದು ಸೆಕೆಂಡು ಸಾಕು. ಎಷ್ಟು ಜನ ಕೇಳುತ್ತಾರೆ?

ಮೆಟ್‌ಫಾರ್ಮಿನ್ ಪಾಪ, ಒಳ್ಳೆಯ ಗುಳಿಗೆ. ಅಗ್ಗ, ಹಳೆಯದು, ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಆದರೆ ಹೊಟ್ಟೆ? ಗುಡುಗುಡು, ವಾಯು, ಭೇದಿ. ಸಂಡಾಸು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳದೆ ಮದುವೆಗೂ ಹೋಗದವರಿದ್ದಾರೆ. ಊರಿಗೆ ಬಸ್ಸಿನಲ್ಲಿ ಹೋಗಬೇಕೆಂದರೆ ಹಿಂದಿನ ದಿನದಿಂದಲೇ ಊಟ ಬಿಡುವವರಿದ್ದಾರೆ. ಊಟದ ಜೊತೆ ತೆಗೆದುಕೊಂಡರೆ, ನಿಧಾನವಾಗಿ ಕರಗುವ ಎಸ್‌ಆರ್ ಗುಳಿಗೆಗೆ ಬದಲಾಯಿಸಿದರೆ ಎಷ್ಟೋ ಜನಕ್ಕೆ ಹಗುರಾಗುತ್ತದೆ. ಹೇಳಿದರೆ ತಾನೆ?

ಅದಕ್ಕಿಂತ ಗುಟ್ಟಿನ ಪೆಟ್ಟು ಇನ್ನೊಂದಿದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದರೆ ದೇಹದಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಗುಜರಾತಿನ ಶಾಕಾಹಾರಿಗಳಿಗೂ ನಮ್ಮ ಸಸ್ಯಾಹಾರಿ ಮನೆಗಳವರಿಗೂ ಅದು ಮೊದಲೇ ಕೊರತೆ. ಬಿ12 ಇಳಿದರೆ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟರೂ ಹಾಗೇ ಆಗುತ್ತದೆ. ನೋಡಿದವರು ‘ಶುಗರ್ ಜಾಸ್ತಿಯಾಗಿದೆ’ ಅಂತ ಗುಳಿಗೆ ಏರಿಸುತ್ತಾರೆ, ಉರಿಗೆ ಬೇರೆ ಗುಳಿಗೆ ಕೊಡುತ್ತಾರೆ, ಅದರಿಂದ ಮಂಪರು ಬರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತೀರಬೇಕಾದದ್ದಕ್ಕೆ ಗುಳಿಗೆಯ ಮೇಲೆ ಗುಳಿಗೆ! ಬಿ12 ನೋಡುತ್ತಿರಿ ಎಂದು ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲಿ ವೈದ್ಯರಿಗೆ ನೆನಪಿಸಿದರು. ನಮ್ಮಲ್ಲಿ ಇದನ್ನು ನೆನಪಿಸುವವರು ಯಾರು?

ಹೊಸ ಕಾಲದ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೂ ಕಿಡ್ನಿಗೂ ಉಪಕಾರಿ. ಆದರೆ ಸಕ್ಕರೆ ಹರಿದ ಜಾಗದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಗುಪ್ತಾಂಗದಲ್ಲಿ ತುರಿಕೆ, ಉರಿ. ಈಗ ಹೇಳಿ, ಗುಜರಾತಿ ಬಾರದ ಅಮ್ಮ ಇದನ್ನು ಯಾರ ಮೂಲಕ ಡಾಕ್ಟರಿಗೆ ಹೇಳಬೇಕು? ಮಗನ ಮೂಲಕವೇ? ಅಳಿಯನ ಮೂಲಕವೇ? ಆಕೆ ಹೇಳುವುದಿಲ್ಲ. ಸುಮ್ಮನೆ ಗುಳಿಗೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾಳೆ. ಮೂರು ತಿಂಗಳಾದ ಮೇಲೆ ‘ಅಮ್ಮ ಮಾತು ಕೇಳಲ್ಲ, ಕದ್ದು ಸಿಹಿ ತಿಂತಾಳೆ’ ಅಂತ ನಾವು ದೂರುತ್ತೇವೆ.

ಹಾಗಾದರೆ ಅಂಕಿ ಎಷ್ಟಿರಬೇಕು? ಆರಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದಾಗಬಹುದೇ ಅಂತ ಅಮೆರಿಕ, ಕೆನಡಾಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಅಕಾರ್ಡ್ ಎಂಬ ಪ್ರಯೋಗ ನಡೆಯಿತು. ಹೃದಯದ ಅಪಾಯ ಹೆಚ್ಚಿದ್ದ ಜನ ಅವರು. ಬಿಗಿಯಾಗಿ ಇಳಿಸಿದ ಗುಂಪಿನಲ್ಲೇ ಹೆಚ್ಚು ಜನ ಸತ್ತರು. 2008ರ ಫೆಬ್ರವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದರು. 2014ರಲ್ಲಿ ಇನ್ನೊಂದು ಲೆಕ್ಕ ಬಂತು: ಎಚ್‌ಬಿಎ1ಸಿ ಒಂದು ಅಂಶ ಇಳಿಸಿದರೆ ನಲವತ್ತೈದರಲ್ಲಿ ಚಿಕಿತ್ಸೆ ಶುರು ಮಾಡಿದವನಿಗೆ ಸುಮಾರು ಹತ್ತು ತಿಂಗಳ ಆರೋಗ್ಯದ ಬದುಕು ಲಾಭ, ಎಪ್ಪತ್ತೈದರಲ್ಲಿ ಶುರು ಮಾಡಿದವನಿಗೆ ಸುಮಾರು ಮೂರು ವಾರ. ಮೂರೇ ವಾರ ಸ್ವಾಮಿ! ಅದಕ್ಕಾಗಿ ದಿನಾ ಬೆವರು, ನಡುಕ, ಭೇದಿ ಅನುಭವಿಸಬೇಕಾದರೆ ಆ ವ್ಯಾಪಾರ ಗಿಟ್ಟುತ್ತದೆಯೇ? ವ್ಯಾಪಾರ ಗೊತ್ತಿರುವ ಗುಜರಾತಿನಲ್ಲಿ ಕೂತು ಕೇಳುತ್ತಿದ್ದೇನೆ. ಹಲವು ಕಾಯಿಲೆ ಇರುವ ವೃದ್ಧರಿಗೆ ಎಂಟರ ಒಳಗಿದ್ದರೆ ಸಾಕು ಎಂದು ಅಮೆರಿಕದ ಡಯಾಬಿಟಿಸ್ ಸಂಘವೇ ಹೇಳುತ್ತದೆ. ನಲವತ್ತೈದರವರು ಇದನ್ನು ಓದಿ ಜಲೇಬಿಗೆ ಕೈ ಹಾಕಬೇಡಿ. ನಿಮಗೆ ಹತ್ತು ತಿಂಗಳಿನ ಲೆಕ್ಕ ಅನ್ವಯ.

‘ಒಂದೊಂದು ರೋಗಿಗೆ ಮೂರು ನಿಮಿಷ, ಇದನ್ನೆಲ್ಲ ಕೇಳಲು ಟೈಮೆಲ್ಲಿ?’ ಅನ್ನುತ್ತಾರೆ ಡಾಕ್ಟರುಗಳು. ಒಪ್ಪಿದೆ, ಹೊರಗೆ ಕ್ಯೂ ನಾನೂ ನೋಡಿದ್ದೇನೆ. ‘ಲೋ ಶುಗರ್ ಮಾಡದ ಗುಳಿಗೆ ದುಬಾರಿ’ ಅನ್ನುವ ಮಾತೂ ಬಹಳ ಕಾಲ ನಿಜವಾಗಿತ್ತು. ಆದರೆ ಸಿಟಾಗ್ಲಿಪ್ಟಿನ್ ಪೇಟೆಂಟು 2022ರಲ್ಲಿ ಮುಗಿಯಿತು. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್‌ದೂ ಮುಗಿದು, ಅರವತ್ತು ರೂಪಾಯಿ ಆಸುಪಾಸಿನ ಗುಳಿಗೆ ಹತ್ತರ ಆಸುಪಾಸಿಗೆ ಇಳಿಯಿತು. ಟೊರೆಂಟ್, ಝೈಡಸ್, ಇಂಟಾಸ್ ಎಲ್ಲ ಇದೇ ಅಹಮದಾಬಾದಿನ ಕಂಪನಿಗಳು, ಗುಳಿಗೆಗೆ ಇಲ್ಲೇನು ಬರವಿಲ್ಲ. ಬರ ಇರುವುದು ಕೇಳುವ ಕಿವಿಗೆ.

ಆದ್ದರಿಂದ ಮಕ್ಕಳೇ, ಸೊಸೆಯಂದಿರೇ, ಮುಂದಿನ ಸಲ ಹೋಗುವಾಗ ರಿಪೋರ್ಟಿನ ಜೊತೆ ಒಂದು ಚೀಟಿಯನ್ನೂ ಒಯ್ಯಿರಿ. ಅಪ್ಪ ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಒಂದು ಪದ ಬಿಡದೆ ಅನುವಾದ ಮಾಡಿ. ರಾತ್ರಿ ಬೆವರುತ್ತದೆಯೇ? ಹೊಟ್ಟೆ ಹೇಗಿದೆ? ಕಾಲು ಜೋಮೇ? ಉಪವಾಸ ಯಾವಾಗ? ಹೇಳಲು ನಾಚುವಂಥದ್ದೇನಾದರೂ ಇದೆಯೇ? ಕೊನೆಯದನ್ನು ಮಗಳು ಕೇಳಲಿ, ಮಗನನ್ನು ಹೊರಗೆ ಕೂರಿಸಿ. ಆಮೇಲೆ ಡಾಕ್ಟರಿಗೆ ನೇರವಾಗಿ ಕೇಳಿ: ‘ಇವರ ವಯಸ್ಸಿಗೆ ಅಂಕಿ ಎಷ್ಟಿದ್ದರೆ ಸಾಕು? ಯಾವ ಗುಳಿಗೆ ಕಡಿಮೆ ಮಾಡಬಹುದು?’ ನೀವೇ ಮನೆಯಲ್ಲಿ ನಿಲ್ಲಿಸಲು ಹೋಗಬೇಡಿ, ಅದು ಇನ್ನೊಂದು ಅಪಾಯ.

ಇಲ್ಲಿ ಯಾರು ಸಿಕ್ಕರೂ ‘ಕೇಮ್ ಛೋ?’ ಅನ್ನುತ್ತಾರೆ, ನಾವು ‘ಮಜಾಮಾ’ ಅನ್ನುತ್ತೇವೆ. ಡಾಕ್ಟರೂ ಅದನ್ನೇ ಕೇಳುತ್ತಾರೆ, ಉತ್ತರ ಬರುವ ಮೊದಲೇ ಕಣ್ಣು ರಿಪೋರ್ಟಿನ ಮೇಲೆ. ಆ ಉತ್ತರ ಬರುವ ತನಕ ಅರ್ಧ ನಿಮಿಷ ಕಾಯಿರಿ ಅಂತಷ್ಟೇ ನನ್ನ ತಕರಾರು. ಅದು ಬಹಳ ಆಯಿತೇ?