ಚಳಿಗಾಲ ಮತ್ತು ಮನೆಗಾಡಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ನೆಲೆಸಿರುವ ನಮ್ಮ ಸದಸ್ಯರ ಮಕ್ಕಳು ಡಿಸೆಂಬರ್ ರಜೆಯಲ್ಲಿ ಕ್ಯಾರವಾನ್ ಎಂಬ ಮನೆಗಾಡಿಯನ್ನು ಬಾಡಿಗೆಗೆ ಹಿಡಿದು ತೋಟಕ್ಕೆ ಬರತೊಡಗಿದ್ದಾರೆ. ಹಳೆಯ ವ್ಯಾನಿಗೆ ಮಂಚ, ಒಲೆ ಕೂಡಿಸಿ ನಾವೂ ಬಾಡಿಗೆಗೆ ಬಿಡಬಹುದೇ ಎಂದು ಕೇಳುವ ಸದಸ್ಯರೂ ಇದ್ದಾರೆ. ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಚಾಮರಾಜಪೇಟೆಯ ರಸ್ತೆಯಲ್ಲಿ ಒಂದು ರಾತ್ರಿ ಹಾಯಾಗಿ ನಿದ್ದೆ ಬಂದ ಮಾತ್ರಕ್ಕೆ ಆ ಗಾಡಿ ಗಿರಿಯ ಚಳಿಗೂ ತಕ್ಕದ್ದೆಂದು ಭಾವಿಸಬಾರದು.

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಮುಳ್ಳಯ್ಯನಗಿರಿಯ ತುದಿ 1,900 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಗಾಳಿ, ಮಂಜು ಬೇರೆ.

ಗಾಡಿಯನ್ನು ಆರಿಸುವವರು ಟಿ.ವಿ., ಫ್ರಿಜ್ ನೋಡುತ್ತಾರೆ. ನೋಡಬೇಕಾದದ್ದು ನಾವು ಗೋದಾಮಿನಲ್ಲಿ ನೋಡುವುದನ್ನೇ. ಕಾಫಿ ಮೂಟೆಯನ್ನು ಬರಿ ಸಿಮೆಂಟು ನೆಲದ ಮೇಲೆ ಇಡುವುದಿಲ್ಲ, ಹಲಗೆಯ ಮೇಲಿಡುತ್ತೇವೆ, ಗೋಡೆಗೆ ತಾಗಿಸುವುದಿಲ್ಲ, ಗಾಳಿಯಾಡಲು ಬಿಡುತ್ತೇವೆ. ಮನೆಗಾಡಿಗೂ ಅದೇ ನಿಯಮ. ನೆಲ, ಗೋಡೆ, ಚಾವಣಿಯ ತಗಡಿಗೆ ಒಳಗಿನಿಂದ ಫೋಮ್ ಹಾಳೆ ಹೊದಿಸಿ ಮೇಲೆ ಪ್ಲೈವುಡ್ ಹೊಡೆದಿರಬೇಕು. ಕಿಟಕಿಗೆ ದಪ್ಪ ಪರದೆ ಬೇಕು. ಚಾವಣಿಯಲ್ಲಿ ರಾತ್ರಿಯಿಡೀ ತೆರೆದಿರುವ ಗಾಳಿಕಂಡಿಯೂ ಬೇಕು. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಮಲಗಿದವರ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗಿ ಇಳಿಯುತ್ತದೆ. ಹಾಸಿಗೆ ಒದ್ದೆಯಾದರೆ ಎಷ್ಟು ಕಂಬಳಿಯಿದ್ದರೂ ಚಳಿ ಬಿಡದು.

ಇದಕ್ಕಿಂತ ಗಂಭೀರವಾದ ಮಾತು ಬೆಂಕಿಯದು. ಗಾಡಿಯೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ, ಗ್ಯಾಸ್ ಒಲೆಯನ್ನಾಗಲಿ ಉರಿಸಿಕೊಂಡು ಮಲಗಲೇಬಾರದು. ಅದರಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತದ್ದು ಇದೇ ಅನಿಲದಿಂದ. ಜನರೇಟರಿನ ಹೊಗೆ ನೆಲದ ರಂಧ್ರದಿಂದ ಒಳಗೆ ನುಗ್ಗಿತ್ತು. ಶಾಖದ ಯಂತ್ರ ಬೇಕೇ ಬೇಕೆಂದರೆ ಹೊರಗಿನ ಗಾಳಿಯಲ್ಲೇ ಉರಿದು ಹೊಗೆಯನ್ನು ಹೊರಗೇ ಬಿಡುವಂಥದಿರಲಿ; ಈ ಅನಿಲ ಸೇರಿದರೆ ಕೂಗುವ ಗಂಟೆಯೂ ಜೊತೆಗಿರಲಿ.

ಲಡಾಖಿಗೆ ಹೋಗುವವರ ಮಾತು ಬೇರೆ. ಅಲ್ಲಿ ಟ್ಯಾಂಕಿನ ನೀರಷ್ಟೇ ಅಲ್ಲ, ಮಾಮೂಲಿ ಡೀಸೆಲ್ ಕೂಡ ಗಟ್ಟಿಯಾಗುತ್ತದೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಚಳಿಗಾಲದ ಡೀಸೆಲನ್ನು ಹೊರತಂದಿತು. ನಮ್ಮ ಗಿರಿಗಳಿಗೆ ಅಷ್ಟು ಬೇಕಿಲ್ಲ.

ಹಳೆಯ ವ್ಯಾನನ್ನು ಮಾರ್ಪಡಿಸುವವರು ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಮರೆಯಬಾರದು. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಜೆ.ಸಿ. ರಸ್ತೆಗೆ ಸಾಮಾನು ತರಲು ಹೋಗುವುದು ಒಳ್ಳೆಯದು.

ಗಾಡಿ ನಿಲ್ಲಿಸಲು ಜಾಗ ಕೊಡುವ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಕೊಯ್ಲಿನ ದಿನಗಳಲ್ಲಿ ಕಣ ಬಿಟ್ಟುಕೊಡುವುದು ಕಷ್ಟವೆಂದು ಬಲ್ಲೆವು; ಆದರೂ ಕತ್ತಲಾಗುವ ಮುನ್ನ ಒಮ್ಮೆ ಗಾಡಿಯೊಳಗೆ ಇಣುಕಿ ನೋಡಿ. ಗಾಳಿಕಂಡಿ ಇಲ್ಲದಿದ್ದರೆ, ಕೆಂಡದ ಬಾಂಡಲಿ ಕಂಡರೆ, ಸಂಕೋಚ ಬಿಟ್ಟು ಹೇಳಿ. ಅವರಿಗೆ ಮನೆಯ ಜಗಲಿಯಲ್ಲೇ ಹಾಸಿಗೆ ಹಾಸಿಕೊಡಿ.