ರಿಕಾಲ್ ಎಂಬ ಪದಕ್ಕೆ ಅಂಜುವ ಕಾರು ತಯಾರಕರು

2014ರ ಫೆಬ್ರವರಿಯಲ್ಲಿ ಜರ್ಮನಿಯ ಪೋರ್ಷೆ ಸಂಸ್ಥೆಯು ತನ್ನ 911 ಜಿಟಿ3 ಕಾರಿನ ಒಡೆಯರಿಗೆ ಒಂದು ಅಪರೂಪದ ಸೂಚನೆ ನೀಡಿತು. ಕಾರನ್ನು ಓಡಿಸಬೇಡಿ, ನಮ್ಮವರೇ ಬಂದು ಒಯ್ಯುತ್ತಾರೆ ಎಂಬುದು ಅದರ ಸಾರ. ಯುರೋಪಿನಲ್ಲಿ ಅಂತಹ ಎರಡು ಕಾರುಗಳು ಹೊತ್ತಿ ಉರಿದಿದ್ದವು. ಕನೆಕ್ಟಿಂಗ್ ರಾಡಿನ ಸ್ಕ್ರೂ ಸಡಿಲಗೊಂಡು, ರಾಡು ಕ್ರ್ಯಾಂಕ್‌ಕೇಸಿಗೆ ಹಾನಿ ಮಾಡಿ, ಅಲ್ಲಿಂದ ಸೋರಿದ ಆಯಿಲ್‌ಗೆ ಬೆಂಕಿ ತಗುಲಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಮಾರ್ಚ್ ತಿಂಗಳಲ್ಲಿ ಸಂಸ್ಥೆಯು ಆ ಮಾದರಿಯ 785 ಕಾರುಗಳಿಗೂ ಹೊಸ ಎಂಜಿನ್ ಜೋಡಿಸುವುದಾಗಿ ಪ್ರಕಟಿಸಿತು. ಬರಿಯ ಸ್ಕ್ರೂ ಬದಲಿಸಿ ಕೈತೊಳೆದುಕೊಳ್ಳಲಿಲ್ಲ, ಇಡೀ ಎಂಜಿನನ್ನೇ ಕೊಟ್ಟಿತು.

ವಾಹನೋದ್ಯಮವು ಈ ಪ್ರಕರಣವನ್ನು ಆದರ್ಶವೆಂದು ಎತ್ತಿ ತೋರಿಸುವುದುಂಟು. ಆ ಪ್ರಶಂಸೆ ಅನುಚಿತವಲ್ಲ. ಆದರೆ ಅದೇ ಸಂಸ್ಥೆಯ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿದಾಗ ಚಿತ್ರ ಬದಲಾಗುತ್ತದೆ. ಶತಮಾನದ ತಿರುವಿನಲ್ಲಿ ಬಂದ 911 ಹಾಗೂ ಬಾಕ್ಸ್‌ಸ್ಟರ್ ಕಾರುಗಳ ಎಂಜಿನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಭಾಗವಿದ್ದು, ಅದರ ಬೇರಿಂಗ್ ಸವೆದು ಒಡೆದರೆ ಎಂಜಿನ್ ಪೂರ್ಣ ಹಾಳಾಗುತ್ತಿತ್ತು. ಇದು ಗ್ಯಾರೇಜುಗಳಿಗೂ ಒಡೆಯರಿಗೂ ಗೊತ್ತಿದ್ದ ವಿಷಯ. ಆದರೂ ರಿಕಾಲ್ ನಡೆಯಲಿಲ್ಲ. ಅಮೆರಿಕದ ಗ್ರಾಹಕರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದ ಮೇಲೆ, 2013ರಲ್ಲಿ, 2001ರಿಂದ 2005ರ ನಡುವಣ ಕೆಲವು ಕಾರುಗಳಿಗೆ ಮಾತ್ರ ಅನ್ವಯಿಸುವಂತೆ ರಾಜಿಯಾಯಿತು. ಒಂದೆಡೆ ಬೆಂಕಿ, ಇನ್ನೊಂದೆಡೆ ಕೇವಲ ಎಂಜಿನ್ ನಷ್ಟ. ಬೆಂಕಿಯ ಚಿತ್ರ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಸವೆದ ಬೇರಿಂಗಿನ ಚಿತ್ರ ಬರುವುದಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. ಅಮೆರಿಕದ 1966ರ ವಾಹನ ಸುರಕ್ಷತಾ ಕಾಯಿದೆಯನ್ವಯ ರಿಕಾಲ್ ಎಂಬುದು ಸುರಕ್ಷತೆಗೆ ಸಂಬಂಧಿಸಿದ ದೋಷಕ್ಕೆ ಮಾತ್ರ. ಅಂತಹ ದೋಷವಿದೆಯೆಂದು ನಿರ್ಧಾರವಾದ ಐದು ಕೆಲಸದ ದಿನಗಳೊಳಗೆ ತಯಾರಕರು ಸರ್ಕಾರಿ ಸಂಸ್ಥೆಗೆ ತಿಳಿಸಬೇಕು. ನಿರ್ಧಾರ ಎಂಬ ಆ ಒಂದು ಪದದಲ್ಲಿ ಎಷ್ಟು ಅವಕಾಶವಿದೆಯೆಂಬುದು ವ್ಯವಹಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತನಿಖೆ ನಡೆಯುತ್ತಿದೆ ಎನ್ನುವವರೆಗೆ ಗಡಿಯಾರ ಓಡುವುದೇ ಇಲ್ಲ.

ಆದುದರಿಂದ ರಿಕಾಲ್ ಪದವನ್ನು ತಪ್ಪಿಸಲು ಹಲವು ನಾಮಧೇಯಗಳು ಹುಟ್ಟಿವೆ. ಬಿಎಂಡಬ್ಲ್ಯು ಸಂಸ್ಥೆಯ 2001ರ ನಂತರದ ಎಂ3 ಕಾರುಗಳಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗುಗಳು ಕೈಕೊಟ್ಟಾಗ ಅದನ್ನು ಸರ್ವಿಸ್ ಕ್ರಮವೆಂದು ಕರೆದು ಬೇರಿಂಗ್ ಬದಲಿಸಲಾಯಿತು. ಅಮೆರಿಕದಲ್ಲಿ ಎಂಜಿನಿನ ವಾರಂಟಿಯನ್ನು ಆರು ವರ್ಷ ಅಥವಾ ಒಂದು ಲಕ್ಷ ಮೈಲಿಗೆ ಹೆಚ್ಚಿಸಲಾಯಿತು. ಕೆಲಸವೇನೋ ಒಳ್ಳೆಯದೇ. ಫೋರ್ಡ್ ಸಂಸ್ಥೆಯ ಫೋಕಸ್ ಆರ್‌ಎಸ್ ಕಾರಿನ ಪ್ರಸಂಗ ಇನ್ನೂ ವಿಚಿತ್ರ. ಮಸ್ಟಾಂಗ್ ಕಾರಿನ ಎಂಜಿನಿಗಾಗಿ ಇದ್ದ ಹೆಡ್ ಗ್ಯಾಸ್ಕೆಟ್ ಈ ಕಾರಿನ ಎಂಜಿನಿಗೆ ಸೇರಿಹೋಗಿತ್ತು. ಕೂಲೆಂಟ್ ಕಡಿಮೆಯಾಗುವುದು, ಬೆಳಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಬಿಳಿ ಹೊಗೆ ಬರುವುದು ಇದರ ಲಕ್ಷಣ. 2018ರಲ್ಲಿ ಸಂಸ್ಥೆಯು ದುರಸ್ತಿ ಮಾಡಿಕೊಡಲು ಮುಂದಾದಾಗ ಅದಕ್ಕೆ ಇಟ್ಟ ಹೆಸರು ಗ್ರಾಹಕ ಸಂತೃಪ್ತಿ ಕಾರ್ಯಕ್ರಮ! ತಪ್ಪು ಗ್ಯಾಸ್ಕೆಟ್ ಹಾಕಿ, ಸರಿಯಾದುದನ್ನು ಹಾಕಿಕೊಡುವುದನ್ನು ಸಂತೃಪ್ತಿ ಎಂದು ಕರೆಯುವ ಧೈರ್ಯ ಕಿರಾಣಿ ಅಂಗಡಿಯವರಿಗೆ ಬರಲಾರದು.

ವೇಗದ ಕಾರುಗಳ ವಿಷಯದಲ್ಲಿ ತಯಾರಕರಿಗೆ ಒಂದು ಹೆಚ್ಚಿನ ಅನುಕೂಲವಿದೆ. ಎಂಜಿನ್ ಕೆಟ್ಟಾಗ ಚಾಲಕನೇ ಅತಿವೇಗದಲ್ಲಿ ಓಡಿಸಿರಬೇಕು, ರೇಸ್ ಟ್ರ್ಯಾಕಿಗೆ ಒಯ್ದಿರಬೇಕು, ತಪ್ಪು ಗೇರ್ ಹಾಕಿರಬೇಕು ಎಂದು ಹೇಳುವುದು ಸುಲಭ. ಜಾಹೀರಾತಿನಲ್ಲಿ ಮಾತ್ರ ನಿಮಿಷಕ್ಕೆ 8000, 9000 ಸುತ್ತು ತಿರುಗುವ ಎಂಜಿನ್ ಎಂದು ಹೊಗಳಿಕೆ. ಆ ಸುತ್ತಿಗಾಗಿಯೇ ಗ್ರಾಹಕನು ಸಾಮಾನ್ಯ ಕಾರಿಗಿಂತ ಎಷ್ಟೋ ಪಟ್ಟು ಬೆಲೆ ತೆತ್ತಿರುತ್ತಾನೆ. ಮಾರುವಾಗ ಗುಣವಾದದ್ದು ದೂರು ಬಂದಾಗ ದುರ್ಬಳಕೆಯಾಗುವುದು ವ್ಯಾಪಾರಧರ್ಮವಲ್ಲ. ಇದರ ಜೊತೆಗೆ ಒಡೆಯನ ಮೌನವೂ ತಯಾರಕನಿಗೆ ನೆರವಾಗುತ್ತದೆ. ದೋಷ ಪ್ರಚಾರವಾದರೆ ತನ್ನ ಕಾರಿನ ಮರುಮಾರಾಟದ ಬೆಲೆಯೇ ಕುಸಿಯುವುದರಿಂದ ಅವನೂ ಬಾಯಿ ಬಿಡುವುದಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ ಇದನ್ನು ಪರಿಶೀಲಿಸುವುದು ಉಪಯುಕ್ತ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಲೆಕ್ಕಪತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಈಗ ಹೊಣೆಯೊಂದು ಉಂಟಾಗಿದ್ದು, ಹಣ ಹೊರಹೋಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ಅಂದಾಜಿಸಲು ಸಾಧ್ಯವಿದ್ದರೆ, ಅದೇ ವರ್ಷದ ಲಾಭದಿಂದ ಅವಕಾಶ ಕಲ್ಪಿಸಬೇಕು. ಕಾಯಿದೆಯ ಬಲವಂತವಿರಲೇಬೇಕೆಂದಿಲ್ಲ. ವ್ಯವಹಾರದ ರೂಢಿಯಿಂದ ಹಾಗೂ ಉತ್ತಮ ಸಂಬಂಧ ಉಳಿಸಿಕೊಳ್ಳುವ ಇಚ್ಛೆಯಿಂದ ಹುಟ್ಟುವ ಹೊಣೆಯೂ ಹೊಣೆಯೇ. ಅಂದರೆ ರಿಕಾಲ್ ಎಂದು ಕರೆಯಲಿ, ಸಂತೃಪ್ತಿ ಎಂದು ಕರೆಯಲಿ, ಲೆಕ್ಕದ ಪುಸ್ತಕಕ್ಕೆ ಹೆಸರು ಮುಖ್ಯವಲ್ಲ. ಹಾಗಿದ್ದರೂ ಸಂಭವ ಕಡಿಮೆ ಎಂದು ಆಡಳಿತ ಮಂಡಳಿ ಹೇಳುವವರೆಗೆ ಆ ಹೊಣೆ ಆಯವ್ಯಯಕ್ಕೆ ಬಾರದೆ ಟಿಪ್ಪಣಿಯಲ್ಲೇ ಮಲಗಿರಬಹುದು. ದೋಷ ಗೊತ್ತಿದ್ದೂ ನಿರ್ಧಾರವನ್ನು ಮುಂದೂಡುವವರಿಗೆ ಈ ವರ್ಷದ ಲಾಭ ಕೈಗೆ ಸಿಗುತ್ತದೆ. ಅದರ ಬಡ್ಡಿಯನ್ನು ಮುಂದಿನವರು ಕಟ್ಟುತ್ತಾರೆ.

ಆ ಬಡ್ಡಿ ಎಷ್ಟಾಗಬಹುದೆಂಬುದಕ್ಕೆ ಜನರಲ್ ಮೋಟಾರ್ಸ್ ಸಾಕ್ಷಿ. ಷೆವರ್ಲೆ ಕೋಬಾಲ್ಟ್ ಮುಂತಾದ ಕಾರುಗಳ ಇಗ್ನಿಷನ್ ಸ್ವಿಚ್ ಓಡುತ್ತಿರುವಾಗಲೇ ಜಾರಿ, ಎಂಜಿನ್ ನಿಂತು, ಏರ್‌ಬ್ಯಾಗ್ ಕೆಲಸ ಮಾಡದೆ ಹೋಗುತ್ತಿತ್ತು. ಸಂಸ್ಥೆಯ ಎಂಜಿನಿಯರುಗಳಿಗೆ ಸುಮಾರು ಒಂದು ದಶಕದಿಂದ ಇದರ ಸುಳಿವಿತ್ತು. 2006ರಲ್ಲಿ ಸ್ವಿಚ್ಚಿನ ವಿನ್ಯಾಸವನ್ನು ಸುಧಾರಿಸಲಾಯಿತು, ಆದರೆ ಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹಳೆಯದೂ ಹೊಸದೂ ಒಂದೇ ಸಂಖ್ಯೆಯಲ್ಲಿ ಸೇರಿಹೋದುದರಿಂದ ಹೊಸ ಕಾರುಗಳಲ್ಲಿ ದೋಷ ಏಕಿಲ್ಲ ಎಂಬುದು ತನಿಖೆ ಮಾಡಿದವರಿಗೆ ವರ್ಷಗಟ್ಟಲೆ ಹೊಳೆಯಲಿಲ್ಲ. ಒಂದು ಡಾಲರಿಗೂ ಕಡಿಮೆ ಬೆಲೆಯ ಭಾಗಕ್ಕಾಗಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಕರೆಸಿಕೊಳ್ಳಬೇಕಾಯಿತು. ಪರಿಹಾರ ನಿಧಿಯು 124 ಸಾವುಗಳನ್ನು ಒಪ್ಪಿಕೊಂಡಿತು. 2015ರಲ್ಲಿ ಅಮೆರಿಕ ಸರ್ಕಾರದೊಡನೆ 90 ಕೋಟಿ ಡಾಲರಿನ ಒಪ್ಪಂದವಾಯಿತು. ಕೋಬಾಲ್ಟ್ ಸಾಧಾರಣ ಕಾರು, ನಿಜ. ಆದರೆ ಅದೇ 2014ರಲ್ಲಿ, ಚಾಲಕನ ಮೊಣಕಾಲು ತಾಗಿ ಕೀಲಿ ತಿರುಗಬಹುದೆಂಬ ಕಾರಣಕ್ಕೆ, ಸಂಸ್ಥೆಯ ಹೆಮ್ಮೆಯ ಕಮಾರೊ ಕಾರುಗಳನ್ನೂ ಐದು ಲಕ್ಷಕ್ಕೂ ಮಿಕ್ಕಿ ಕರೆಸಿಕೊಳ್ಳಲಾಯಿತು. ಏಟು ಬಿದ್ದ ಮೇಲೆ ಕಣ್ಣು ಎಲ್ಲೆಡೆ ಹರಿಯಿತು.

ಭಾರತದಲ್ಲಿ ಬಹುಕಾಲ ಇದಕ್ಕೆ ಕಾನೂನೇ ಇರಲಿಲ್ಲ. 2012ರಲ್ಲಿ ತಯಾರಕರ ಸಂಘವಾದ ಸಿಯಾಮ್ ಸ್ವಯಂಪ್ರೇರಿತ ನಿಯಮಾವಳಿ ರೂಪಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಿಂದ ರಿಕಾಲ್ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಬಂದು, 2021ರ ಏಪ್ರಿಲ್‌ನಿಂದ ನಿಯಮಗಳು ಜಾರಿಯಾದವು. ಕಡ್ಡಾಯ ರಿಕಾಲ್ ಆದಾಗ ವಾಹನದ ವರ್ಗ ಹಾಗೂ ಸಂಖ್ಯೆಗನುಗುಣವಾಗಿ ಒಂದು ಕೋಟಿ ರೂಪಾಯಿವರೆಗೆ ದಂಡ. ಸಾವಿರಾರು ಕೋಟಿ ವಹಿವಾಟಿನ ಸಂಸ್ಥೆಗೆ ಇದು ಅಂಜಿಕೆ ಹುಟ್ಟಿಸುವ ಮೊತ್ತವಲ್ಲ.

ಅಂಜಬೇಕಾದವರು ಬೇರೆ ಇದ್ದಾರೆ. ಜಿಟಿ3 ಕಾರನ್ನು ಸುಟ್ಟದ್ದು ಒಂದು ಸ್ಕ್ರೂ, ಫೋಕಸ್ ಕಾರನ್ನು ಕೆಡಿಸಿದ್ದು ಒಂದು ಗ್ಯಾಸ್ಕೆಟ್. ಇಂತಹ ಬಿಡಿಭಾಗಗಳನ್ನು ಮಾಡುವವರು ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಶಿವಮೊಗ್ಗದ ಫೌಂಡ್ರಿಗಳಲ್ಲಿದ್ದಾರೆ. ಜಪಾನಿನ ತಕಾಟಾ ಏರ್‌ಬ್ಯಾಗ್ ಸಂಸ್ಥೆ ಸಣ್ಣದೇನೂ ಆಗಿರಲಿಲ್ಲ. ಆದರೂ ರಿಕಾಲ್‌ಗಳ ಹೊರೆ ತಾಳಲಾರದೆ 2017ರಲ್ಲಿ ದಿವಾಳಿ ಎದ್ದಿತು. ಅದರಿಂದ ಕೊಂಡು ಕಾರಿಗೆ ಜೋಡಿಸಿದ ದೊಡ್ಡ ಸಂಸ್ಥೆಗಳು ಇಂದಿಗೂ ವ್ಯಾಪಾರ ನಡೆಸುತ್ತಿವೆ. ದೊಡ್ಡ ಖರೀದಿದಾರರ ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ರಿಕಾಲ್ ವೆಚ್ಚವನ್ನು ಪೂರೈಕೆದಾರನೇ ಭರಿಸಬೇಕೆಂಬ ಷರತ್ತು ಇರುವುದುಂಟು, ಮಿತಿಯಿಲ್ಲದೆಯೂ ಇರುವುದುಂಟು. ಸಾಮಾನ್ಯ ಉತ್ಪನ್ನ ಹೊಣೆ ವಿಮೆಯು ಹಾನಿಗೊಳಗಾದವರಿಗೆ ಪರಿಹಾರ ಕೊಟ್ಟೀತು, ಮಾಲು ಹಿಂದಕ್ಕೆ ತರುವ ಖರ್ಚನ್ನು ಬಹುತೇಕ ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕು. ಹೊಣೆಯನ್ನು ಬಿಲ್ಲಿನ ಮೌಲ್ಯಕ್ಕೋ ಅದರ ಇಂತಿಷ್ಟು ಪಟ್ಟಿಗೋ ಸೀಮಿತಗೊಳಿಸುವಂತೆ ಸಹಿ ಹಾಕುವ ಮುನ್ನವೇ ಕೇಳಬೇಕು. ನಕ್ಷೆ ಬದಲಾದ ದಿನವೇ ಭಾಗದ ಸಂಖ್ಯೆ ಬದಲಿಸಿ, ಬ್ಯಾಚುವಾರು ತಪಾಸಣಾ ದಾಖಲೆಗಳನ್ನು ಆದಾಯ ತೆರಿಗೆ ಕಡತಗಳಿಗಿಂತ ಹೆಚ್ಚು ಕಾಲ ಕಾಪಾಡಬೇಕು. ಖರೀದಿದಾರನ ದೂರಿನ ಪತ್ರ ಬಂದಿದ್ದರೆ ಮಾರ್ಚ್ 31ರ ಲೆಕ್ಕ ಮುಗಿಸುವ ಮೊದಲು ಅದನ್ನು ಲೆಕ್ಕಪರಿಶೋಧಕರ ಮೇಜಿನ ಮೇಲಿಡಬೇಕು.